ಅಂಬಾಸಿಡರ್ ಯಾಕೆ ಕೆಮ್ಮುತ್ತೆ? ಮಿಸ್‌ಫೈರ್ ಹುಡುಕೋ ಬಗೆ

ನಾಲ್ಕು ಸಿಲಿಂಡರಿನ ಹಳೇ ಪೆಟ್ರೋಲ್ ಇಂಜಿನ್ ಐಡಲ್‌ನಲ್ಲಿ ಓಡುವಾಗ ಅದರ ಸದ್ದಿಗೆ ಒಂದು ತಾಳ ಇರುತ್ತೆ. ಆ ತಾಳದಲ್ಲಿ ಒಂದು ಏಟು ತಪ್ಪಿದ್ರೆ ಅದಕ್ಕೆ ಮಿಸ್‌ಫೈರ್ ಅಂತಾರೆ. ಅಂದ್ರೆ ಸಿಲಿಂಡರ್ ಒಳಗೆ ಪೆಟ್ರೋಲು, ಗಾಳಿ ಎರಡೂ ಬಂದಿದೆ, ಪಿಸ್ಟನ್ ಒತ್ತಿದೆ, ಆದರೆ ಬೆಂಕಿ ಹತ್ತಿಲ್ಲ. ಉರಿಯದ ಪೆಟ್ರೋಲು ಹಾಗೇ ಸೈಲೆನ್ಸರ್‌ಗೆ ಹೋಗುತ್ತೆ. ಕೆಲವೊಮ್ಮೆ ಅಲ್ಲಿನ ಬಿಸಿಗೆ ಹೊತ್ತಿಕೊಂಡು 'ಢಬ್' ಅನ್ನುತ್ತೆ. ಊರಲ್ಲಿ ಇದಕ್ಕೆ 'ಗಾಡಿ ಕೆಮ್ತದೆ' ಅಂತಾರೆ.

ಈಗಿನ ಕಾರಲ್ಲಿ ಇದು ಆದ್ರೆ ಸ್ಕ್ಯಾನರ್ ಚುಚ್ಚಿದ ತಕ್ಷಣ ಯಾವ ಸಿಲಿಂಡರ್ ಅಂತ ಕೋಡ್ ಬರುತ್ತೆ. ಹಳೇ ಗಾಡಿಗೆ ಆ ಭಾಗ್ಯ ಇಲ್ಲ. ಅದಕ್ಕೇ ಹೆಚ್ಚಿನ ಕಡೆ ನಡೆಯೋದು ಏನಂದ್ರೆ, ಪ್ಲಗ್ ಬದಲಾಯಿಸು, ಹೋಗ್ಲಿಲ್ವಾ, ವೈರ್ ಬದಲಾಯಿಸು, ಹೋಗ್ಲಿಲ್ವಾ, ಕಾರ್ಬ್ಯುರೇಟರ್ ಬಿಚ್ಚು, ಅದೂ ಆಗ್ಲಿಲ್ವಾ, 'ಇಂಜಿನ್ ಬೋರಿಗೆ ಬಂದಿದೆ ಸಾರ್'. ನಮ್ಮ ದೊಡ್ಡಪ್ಪನ ಅಂಬಾಸಿಡರ್ ವಿಷಯದಲ್ಲಿ ಆಗಿದ್ದು ಇದೇ. ಚಿಕ್ಕರಸಿನಕೆರೆ ಅಂದ್ರೆ ಹೊರಗಿನವರಿಗೆ ಕಾಲಭೈರವೇಶ್ವರನ ಬಸಪ್ಪ ನೆನಪಾಗುತ್ತೆ. ನಮ್ಮ ಬೀದಿಯವರಿಗೆ ಮಾತ್ರ ಈ ಬಿಳಿ ಗಾಡಿ. ಮಾರ್ಕ್ ಫೋರ್, ಪೆಟ್ರೋಲ್, ನಂಬರ್ ಪ್ಲೇಟಿಗೆ 'ಕೆಎ' ಬರೋದಕ್ಕೆ ಮುಂಚಿನದು. ಆರ್‌ಸಿ ರಿನೀವಲ್‌ಗೆ ಬಂದಿತ್ತು. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟಿನಿಂದ ಆ ಶುಲ್ಕವೇ 10,000 ರೂಪಾಯಿ. ಅದಕ್ಕೂ ಮೊದಲು ಹೊಗೆ ಟೆಸ್ಟ್ ಪಾಸಾಗಬೇಕು. 2000ದ ಮಾರ್ಚ್‌ಗೆ ಮುಂಚಿನ ಪೆಟ್ರೋಲ್ ಕಾರಿಗೆ ಮಿತಿ ಏನೂ ಕಠಿಣ ಇಲ್ಲ, ಕಾರ್ಬನ್ ಮೊನಾಕ್ಸೈಡ್ 3 ಪರ್ಸೆಂಟ್, ಹೈಡ್ರೋಕಾರ್ಬನ್ 1500 ಪಿಪಿಎಂ. ಆದರೆ ಮಿಸ್‌ಫೈರ್ ಅಂದ್ರೇ ಉರಿಯದ ಪೆಟ್ರೋಲ್ ಹೊರಗೆ ಬರೋದು. ಹೈಡ್ರೋಕಾರ್ಬನ್ ಅಂದ್ರೂ ಅದೇ. ಹಾಗಾಗಿ ಕೆಮ್ಮುವ ಗಾಡಿ ಆ ಟೆಸ್ಟ್ ದಾಟೋದೇ ಇಲ್ಲ. ಗ್ಯಾರೇಜಿನವರು ಕೊಟ್ಟ ಇಂಜಿನ್ ಎಸ್ಟಿಮೇಟು ಗುಜರಿಯವರು ಕೇಳಿದ ರೇಟಿಗಿಂತ ಜಾಸ್ತಿ ಇತ್ತು. ಮನೇಲಿ ಎಲ್ಲರೂ 'ಕೊಟ್ಬುಡಿ' ಅನ್ನೋಕೆ ಶುರು ಮಾಡಿದ್ರು.

ಗಾಡಿಯಲ್ಲಿ ಕೆಟ್ಟಿದ್ದು ಕಿರುಬೆರಳಷ್ಟು ಉದ್ದದ ಒಂದು ತಗಡಿನ ಡಬ್ಬಿ. ಅದನ್ನ ಹೇಗೆ ಕಂಡುಹಿಡಿಯೋದು ಅನ್ನೋದು ಹೇಳೋಕೆ ಮೊದಲು ಕಿಡಿ ಹೇಗೆ ಹುಟ್ಟುತ್ತೆ ಅಂತ ನೋಡಬೇಕು.

ಕಿಡಿಯ ದಾರಿ

ಹಳ್ಳಿ ಮೆಕ್ಯಾನಿಕ್‌ಗಳು ಡಿಸ್ಟ್ರಿಬ್ಯೂಟರ್‌ಗೆ 'ಡೆಲ್ಕೋ' ಅಂತಾರೆ. ಅದು ಅಮೆರಿಕದ ಒಂದು ಕಂಪನಿಯ ಹೆಸರು, ಡೇಟನ್ ಎಂಜಿನಿಯರಿಂಗ್ ಲ್ಯಾಬೊರೇಟರೀಸ್ ಕಂಪನಿ. ಚಾರ್ಲ್ಸ್ ಕೆಟರಿಂಗ್ ಅನ್ನೋ ಇಂಜಿನಿಯರ್ ಅಲ್ಲಿ ಮಾಡಿದ ಬ್ಯಾಟರಿ ಇಗ್ನಿಷನ್ 1910ರ ಹೊತ್ತಿಗೆ ಕ್ಯಾಡಿಲಾಕ್ ಕಾರಿಗೆ ಬಂತು. ಮುಂದೆ ಸುಮಾರು 60 ವರ್ಷ ಪ್ರಪಂಚದ ಪೆಟ್ರೋಲ್ ಕಾರುಗಳು ಹೆಚ್ಚಾಗಿ ಅದೇ ಸರ್ಕ್ಯೂಟಿನ ಮೇಲೆ ಓಡಿದವು. ಅಂಬಾಸಿಡರೂ ಅದೇ, ಪ್ರೀಮಿಯರ್ ಪದ್ಮಿನಿಯೂ ಅದೇ.

ಬ್ಯಾಟರಿಯ 12 ವೋಲ್ಟ್ ಇಗ್ನಿಷನ್ ಕೀ ಮೂಲಕ ಕಾಯಿಲ್‌ನ ಪ್ರೈಮರಿಗೆ ಬರುತ್ತೆ. ಅಲ್ಲಿಂದ ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟ್‌ಗೆ, ಅಲ್ಲಿಂದ ಬಾಡಿ ಅರ್ಥ್‌ಗೆ. ಪಾಯಿಂಟ್ ಅಂದ್ರೆ ಬರೀ ಒಂದು ಸ್ವಿಚ್ಚು. ಕ್ಯಾಮ್ ತಿರುಗಿ ಅದನ್ನ ತೆಗೆದು ಮುಚ್ಚಿ ಮಾಡುತ್ತೆ. ಮುಚ್ಚಿದಾಗ ಸುಮಾರು 4 ಆಂಪಿಯರ್ ಹರಿಯುತ್ತೆ, ಕಾಯಿಲ್ ಒಳಗೆ ಮ್ಯಾಗ್ನೆಟಿಕ್ ಫೀಲ್ಡ್ ಬೆಳೆಯುತ್ತೆ. ತೆಗೆದಾಗ ಆ ಫೀಲ್ಡ್ ಕುಸಿಯುತ್ತೆ. ಬದಲಾವಣೆ ಎಷ್ಟು ಬೇಗವೋ ವೋಲ್ಟೇಜ್ ಅಷ್ಟು ಜಾಸ್ತಿ. ಫಸ್ಟ್ ಇಯರಲ್ಲಿ ಫ್ಯಾರಡೆ ನಿಯಮ ಅಂತ ಬರೆದು ಪಾಸಾಗಿದ್ದು ಇದನ್ನೇ. ಪ್ರೈಮರಿಯಲ್ಲಿ 250-300 ವೋಲ್ಟ್ ಏಳುತ್ತೆ, ಸೆಕೆಂಡರಿಯಲ್ಲಿ ಸುತ್ತು ಸುಮಾರು 70-80 ಪಟ್ಟು ಇರೋದ್ರಿಂದ 15,000-20,000 ವೋಲ್ಟ್. ಅದು ಕಿಂಗ್ ವೈರಿನಲ್ಲಿ ಡಿಸ್ಟ್ರಿಬ್ಯೂಟರ್ ಕ್ಯಾಪಿನ ನಡುಮಧ್ಯಕ್ಕೆ ಬಂದು, ತಿರುಗೋ ರೋಟರ್ ಮೂಲಕ ಸರದಿ ಇರೋ ಪ್ಲಗ್ಗಿಗೆ ಹೋಗುತ್ತೆ.

ಇಲ್ಲಿ ಒಂದು ತೊಂದರೆ ಇದೆ. ಪಂಪ್‌ಸೆಟ್ ಪೈಪಲ್ಲಿ ನೀರು ಜೋರಾಗಿ ಹರೀತಿರುವಾಗ ಗೇಟ್‌ವಾಲ್ವ್ ಪಟ್ ಅಂತ ಮುಚ್ಚಿದ್ರೆ ಪೈಪು ಧಡಾರ್ ಅನ್ನುತ್ತಲ್ಲ, ಕಾಯಿಲ್‌ನ ಕರೆಂಟೂ ಹಂಗೇ. ಪಾಯಿಂಟ್ ಕೂದಲೆಳೆಯಷ್ಟು ತೆರೆದ ಕ್ಷಣದಲ್ಲಿ ಅದು ಆ ಸಂದಿಯಲ್ಲೇ ಹಾರಿ ದಾಟೋಕೆ ನೋಡುತ್ತೆ. ದಾಟಿದ್ರೆ ಪಾಯಿಂಟ್ ಸುಡುತ್ತೆ, ಕರೆಂಟ್ ನಿಧಾನಕ್ಕೆ ನಿಲ್ಲುತ್ತೆ, ಕಿಡಿ ಬಡವಾಗುತ್ತೆ. ಅದಕ್ಕೇ ಪಾಯಿಂಟಿಗೆ ಪ್ಯಾರಲಲ್ ಆಗಿ ಸುಮಾರು 0.2 ಮೈಕ್ರೋಫ್ಯಾರಡ್‌ನ ಒಂದು ಕಂಡೆನ್ಸರ್ ಇಟ್ಟಿದ್ದಾರೆ. ಪಾಯಿಂಟ್ ಸಾಕಷ್ಟು ದೂರ ಹೋಗೋವರೆಗೂ ಕರೆಂಟು ಅದರೊಳಗೆ ನುಗ್ಗುತ್ತೆ. ಕೆಪಾಸಿಟರ್ ಅಂದ್ರೆ ಚಾರ್ಜ್ ಕೂಡಿಡೋ ಡಬ್ಬಿ ಅಂತ ನಾವು ಕಲಿತಿರ್ತೀವಿ. ಇಲ್ಲಿ ಕೂಡಿಡೋದು ಮುಖ್ಯವೇ ಅಲ್ಲ, ಕೆಲವು ಹತ್ತು ಮೈಕ್ರೋಸೆಕೆಂಡು ಕರೆಂಟಿಗೆ ಬೇರೆ ದಾರಿ ಕೊಡೋದಷ್ಟೇ ಅದರ ಕೆಲಸ. ಅಷ್ಟು ಚಿಕ್ಕ ಕೆಲಸ ಕೈಕೊಟ್ರೆ ಇಡೀ ಗಾಡಿ ನಿಲ್ಲುತ್ತೆ.

ಇನ್ನೊಂದು ಲೆಕ್ಕ ಇಷ್ಟವಾಗಿದ್ದು, ಅದನ್ನೂ ಹೇಳ್ಬಿಡ್ತೀನಿ. 3000 ಆರ್‌ಪಿಎಂನಲ್ಲಿ ನಾಲ್ಕು ಸಿಲಿಂಡರಿಗೆ ಸೆಕೆಂಡಿಗೆ 100 ಕಿಡಿ ಬೇಕು. ಒಂದೊಂದಕ್ಕೆ 10 ಮಿಲಿಸೆಕೆಂಡ್. ಕ್ಯಾಮಿನ 90 ಡಿಗ್ರಿಯಲ್ಲಿ ಪಾಯಿಂಟ್ ಮುಚ್ಚಿರೋದು ಸುಮಾರು 60 ಡಿಗ್ರಿ, ಇದಕ್ಕೆ ಡ್ವೆಲ್ ಅಂತಾರೆ. ಅಂದ್ರೆ ಕಾಯಿಲ್ ತುಂಬೋಕೆ ಸಿಗೋದು 6.7 ಮಿಲಿಸೆಕೆಂಡ್. ಕಾಯಿಲ್ 3 ಓಮ್, 8 ಮಿಲಿಹೆನ್ರಿ ಅಂತ ಇಟ್ಕೊಂಡ್ರೆ ಟೈಮ್ ಕಾನ್‌ಸ್ಟೆಂಟ್ 2.7 ಮಿಲಿಸೆಕೆಂಡ್. ಹಾಗಾಗಿ ಕರೆಂಟು 92 ಪರ್ಸೆಂಟ್ ತನಕ ಏರುತ್ತೆ, ಚಿಂತೆ ಇಲ್ಲ. ಅದೇ 4500 ಆರ್‌ಪಿಎಂಗೆ ಹೋಗಿ, 81 ಪರ್ಸೆಂಟಿಗೆ ಇಳಿಯುತ್ತೆ. ಪಾಯಿಂಟ್ ಗ್ಯಾಪ್ ಜಾಸ್ತಿ ಇಟ್ಟು ಡ್ವೆಲ್ 45 ಡಿಗ್ರಿಗೆ ಬಂದಿದ್ರೆ 71 ಪರ್ಸೆಂಟ್. ಕಿಡಿಯ ಶಕ್ತಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಇರೋದ್ರಿಂದ ಅದು ಅರ್ಧಕ್ಕೇ ಬಂತು. ಐಡಲ್‌ನಲ್ಲಿ ಚೆನ್ನಾಗಿದ್ದು ಹೈವೇಯಲ್ಲಿ ಮಾತ್ರ ಕೆಮ್ಮುವ ಗಾಡಿಗಳ ಹಿಂದೆ ಎಷ್ಟೋ ಸಲ ಇರೋದು ಇಷ್ಟೇ. ಅಂಬಾಸಿಡರಿಗೆ ಗ್ಯಾಪ್ 0.35ರಿಂದ 0.40 ಮಿಲಿಮೀಟರ್ ಇರಬೇಕು. ಒಂದು ಫೀಲರ್ ಗೇಜ್ ಸಾಕು.

ಬಿಚ್ಚೋಕೆ ಮೊದಲು ಕೇಳಿ

ದೊಡ್ಡಪ್ಪ ಕೊನೆಗೆ ಕರೆಸಿದ್ದು ಕೆ.ಎಂ. ದೊಡ್ಡಿ ಕಡೆಯ ಒಬ್ಬ ವಯಸ್ಸಾದ ಆಟೋ ಎಲೆಕ್ಟ್ರಿಷಿಯನ್ನನ್ನ. ಬಂದವರು ಬಾನೆಟ್ ತೆಗೆದು ಅರ್ಧ ಗಂಟೆ ಸ್ಪ್ಯಾನರ್ ಮುಟ್ಟಲಿಲ್ಲ. ಸೈಲೆನ್ಸರ್ ಹತ್ರ ಕೂತು ಕೇಳ್ತಾ ಇದ್ರು. ಆ ಅರ್ಧ ಗಂಟೆಯಲ್ಲೇ ಮುಕ್ಕಾಲು ಕೆಲಸ ಮುಗಿದಿತ್ತು ಅಂತ ನನಗೆ ಆಮೇಲೆ ಅರ್ಥ ಆಯ್ತು. ಯಾಕಂದ್ರೆ ಕೇಳಬೇಕಾದ ಮೊದಲ ಪ್ರಶ್ನೆ ಯಾವ ಪಾರ್ಟು ಕೆಟ್ಟಿದೆ ಅನ್ನೋದಲ್ಲ. ತಪ್ಪೋದು ಯಾವಾಗಲೂ ಒಂದೇ ಸಿಲಿಂಡರಾ, ಇಲ್ಲ ಎಲ್ಲವೂ ಅಲ್ಲೊಂದು ಇಲ್ಲೊಂದು ತಪ್ಪುತ್ತಿವೆಯಾ? ಸೈಲೆನ್ಸರ್ ಬಾಯಿಗೆ ಒಂದು ಪೇಪರ್ ಹಿಡಿದ್ರೆ ಗೊತ್ತಾಗುತ್ತೆ. ಒಂದೇ ಲಯದಲ್ಲಿ ಪೇಪರ್ ಒಳಕ್ಕೆ ಎಳೀತಿದ್ರೆ ಒಂದು ಸಿಲಿಂಡರ್ ಸತ್ತಿದೆ. ಲಯವೇ ಇಲ್ಲದೆ ಆಗೊಮ್ಮೆ ಈಗೊಮ್ಮೆ ಅಂದ್ರೆ ಎಲ್ಲಕ್ಕೂ ಸೇರಿದ ಭಾಗದಲ್ಲಿ ತೊಂದರೆ.

ಕಿಡಿಯ ದಾರಿಯನ್ನ ಮರದ ಹಾಗೆ ನೋಡಿ. ಬ್ಯಾಟರಿ, ಕೀ, ಕಾಯಿಲ್, ಪಾಯಿಂಟ್, ಕಂಡೆನ್ಸರ್, ಕಿಂಗ್ ವೈರ್, ರೋಟರ್ ಇವೆಲ್ಲ ಕಾಂಡ. ಕ್ಯಾಪಿನ ನಾಲ್ಕು ತುದಿ, ನಾಲ್ಕು ವೈರ್, ನಾಲ್ಕು ಪ್ಲಗ್ ಕೊಂಬೆಗಳು. ಒಂದು ಕೊಂಬೆ ಒಣಗಿದ್ರೆ ಕಾಂಡ ಕಡಿಯೋದು ಬೇಡ, ಕಾಂಡಕ್ಕೆ ಹುಳ ಹಿಡಿದಿದ್ರೆ ಕೊಂಬೆಗೆ ಔಷಧಿ ಹೊಡೆದು ಪ್ರಯೋಜನ ಇಲ್ಲ. ನಾಲ್ಕು ಹೊಸ ಪ್ಲಗ್ ಹಾಕಿಸಿ 'ಇನ್ನೂ ಹಂಗೇ ಇದೆ' ಅನ್ನೋರು ಮಾಡೋದು ಈ ಎರಡನೇದನ್ನ.

ಒಂದೇ ಸಿಲಿಂಡರ್ ಅಂತ ಅನುಮಾನ ಬಂದ್ರೆ ಯಾವುದು ಅಂತ ಹುಡುಕೋದು ಸುಲಭ. ಇಂಜಿನ್ ಆಫ್ ಮಾಡಿ ಒಂದು ಪ್ಲಗ್ ವೈರ್ ತೆಗೆದು, ಅದಕ್ಕೆ ಒಂದು ಹಳೇ ಪ್ಲಗ್ ಸಿಕ್ಕಿಸಿ, ಅದರ ಲೋಹದ ಮೈಯನ್ನ ಇಂಜಿನ್ನಿಗೆ ಜಂಪರ್ ಕೇಬಲ್‌ನಿಂದ ಗಟ್ಟಿಯಾಗಿ ಅರ್ಥ್ ಮಾಡಿ. ಸ್ಟಾರ್ಟ್ ಮಾಡಿ ಕೇಳಿ. ಇಂಜಿನ್ ಇನ್ನಷ್ಟು ಕುಂಟಿದ್ರೆ ಆ ಸಿಲಿಂಡರ್ ಕೆಲಸ ಮಾಡ್ತಿತ್ತು. ಏನೂ ವ್ಯತ್ಯಾಸ ಆಗದಿದ್ರೆ ಕಳ್ಳ ಸಿಕ್ಕಿದ. ಓಡ್ತಿರೋ ಇಂಜಿನ್ನಿಂದ ಬರಿಗೈಲಿ ವೈರ್ ಕೀಳೋರನ್ನ ನೋಡಿರ್ತೀರ, ಹಾಗೆ ಮಾಡ್ಬೇಡಿ. 20,000 ವೋಲ್ಟಿನ ಏಟು ಒಂದು ಕಡೆ ಇರಲಿ, ಬೆಚ್ಚಿ ಕೈ ಎಳೆದಾಗ ಫ್ಯಾನ್ ಹತ್ರ ಹೋಗುತ್ತೆ. ವೈರನ್ನ ಗಾಳಿಲಿ ನೇತಾಡಿಸೋದೂ ತಪ್ಪು. ಕಿಡಿಗೆ ದಾರಿ ಸಿಗದಿದ್ರೆ ಅದು ಕಾಯಿಲ್ ಒಳಗಿನ ಇನ್ಸುಲೇಷನ್ ಸೀಳಿ ದಾರಿ ಮಾಡ್ಕೊಳ್ಳುತ್ತೆ.

ಊರಲ್ಲಿ ಇನ್ನೊಂದು ಪರೀಕ್ಷೆ ಇದೆ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮೇಲೆ ನೀರು ಚಿಮುಕಿಸೋದು. ಸ್ಟಾರ್ಟ್ ಮಾಡಿದ ಹೊಸದರಲ್ಲಿ ಕೆಲಸ ಮಾಡೋ ಸಿಲಿಂಡರಿನ ಮುಂದೆ ನೀರು ಚುರ್ ಅಂತ ಆರುತ್ತೆ, ಸತ್ತಿರೋದರ ಮುಂದೆ ಒದ್ದೆಯಾಗೇ ಇರುತ್ತೆ. ಒಳ್ಳೇ ಉಪಾಯ, ಆದರೆ ಅಂಬಾಸಿಡರಿನ ಪೆಟ್ರೋಲ್ ಇಂಜಿನ್ ಬ್ರಿಟನ್ನಿನ ಬಿಎಂಸಿ ಬಿ-ಸೀರೀಸ್, 1489 ಸಿಸಿ. ಅದರಲ್ಲಿ 2 ಮತ್ತು 3ನೇ ಸಿಲಿಂಡರಿಗೆ ಹೊಗೆ ಹೋಗೋ ಬಾಗಿಲು ಒಂದೇ. ಹಾಗಾಗಿ ನೀರು 1 ಮತ್ತು 4ರ ಬಗ್ಗೆ ಮಾತ್ರ ಸರಿಯಾಗಿ ಹೇಳುತ್ತೆ.

ಸಿಲಿಂಡರ್ ಗೊತ್ತಾದ ಮೇಲೆ ಅದರ ಪ್ಲಗ್ಗನ್ನ ಪಕ್ಕದ್ದಕ್ಕೆ ಹಾಕಿ, ಪಕ್ಕದ್ದನ್ನ ಇದಕ್ಕೆ. ಕಾಯಿಲೆ ಪ್ಲಗ್ ಜೊತೆ ಹೋದ್ರೆ ಪ್ಲಗ್ಗೇ ಕೆಟ್ಟಿದೆ. ಹೋಗದಿದ್ರೆ ವೈರಿಗೆ ಅದೇ ಆಟ. ಅಲ್ಲೂ ಇಲ್ಲದಿದ್ರೆ ಕ್ಯಾಪ್ ಒಳಗೆ ಟಾರ್ಚ್ ಬಿಟ್ಟು ನೋಡಿ, ಪೆನ್ಸಿಲ್ ಗೀಟಿನ ಹಾಗೆ ಕಪ್ಪು ಗೆರೆ ಇದ್ರೆ ಕಿಡಿ ಅದರ ಮೇಲೆ ಜಾರಿ ಹೋಗ್ತಿದೆ. ಕಬ್ಬಿನ ಗದ್ದೆ ಪಕ್ಕದ ಶೆಡ್ಡಿನಲ್ಲಿ ನಿಲ್ಲೋ ಗಾಡಿ ಆದ್ರೆ ಮೊದಲೇ ವೈರ್ ನೋಡಿ, ಇಲಿಗಳಿಗೆ ಅದರ ರಬ್ಬರ್ ಮೇಲೆ ಅದೇನು ಪ್ರೀತಿಯೋ. ಕತ್ತಲಾದ ಮೇಲೆ ಲೈಟ್ ಆರಿಸಿ ಇಂಜಿನ್ ಓಡಿಸಿದ್ರೆ ಇನ್ಸುಲೇಷನ್ ಸೀಳಿರೋ ಕಡೆ ನೀಲಿ ಮಿಂಚು ಕಾಣುತ್ತೆ. ನಾಲೆ ಬಯಲಿನ ಇಬ್ಬನಿ ಬೆಳಗಿನಲ್ಲಿ ಇನ್ನೂ ಚೆನ್ನಾಗಿ.

ಎರಡು ಸಿಲಿಂಡರ್ ಒಟ್ಟಿಗೆ ಸತ್ತಿದ್ರೆ ಸ್ವಲ್ಪ ತಲೆ ಓಡಿಸಬೇಕು. ಫೈರಿಂಗ್ ಆರ್ಡರ್ 1-3-4-2. ಕ್ಯಾಪಿನಲ್ಲಿ 1 ಮತ್ತು 3 ಅಕ್ಕಪಕ್ಕ, 4 ಮತ್ತು 2 ಅಕ್ಕಪಕ್ಕ, ಆದರೆ ಇಂಜಿನ್ನಿನಲ್ಲಿ ಅಲ್ಲ. ಹಾಗಾಗಿ ಆ ಜೋಡಿ ಸತ್ತಿದ್ರೆ ಕ್ಯಾಪ್ ನೋಡಿ. 2 ಮತ್ತು 3 ಇಂಜಿನ್ನಿನಲ್ಲಿ ಅಕ್ಕಪಕ್ಕ, ಕ್ಯಾಪಿನಲ್ಲಿ ಎದುರುಬದುರು. ಆ ಜೋಡಿ ಸತ್ತಿದ್ರೆ ಕಿಡಿಯದ್ದಲ್ಲ, ನಡುವೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. 1 ಮತ್ತು 2, ಅಥವಾ 3 ಮತ್ತು 4 ಆದ್ರೆ? ಎರಡು ಕಡೆಯೂ ಅಕ್ಕಪಕ್ಕ. ಕಂಪ್ರೆಷನ್ ಗೇಜ್ ಹಾಕಿಯೇ ತೀರ್ಮಾನ.

ಬಿಸಿಗೆ ಸಾಯೋ ಕಳ್ಳ

ದೊಡ್ಡಪ್ಪನ ಗಾಡಿ ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಗಡಿಯಾರದ ಹಾಗೆ ಓಡ್ತಿತ್ತು. ಹತ್ತು ಹದಿನೈದು ನಿಮಿಷಕ್ಕೆ ಕೆಮ್ಮು ಶುರು. ಆಫ್ ಮಾಡಿ ಅರ್ಧ ಗಂಟೆ ಬಿಟ್ರೆ ಮತ್ತೆ ಸರಿ. ಪೇಪರ್ ಹಿಡಿದಾಗ ಲಯ ಇರಲಿಲ್ಲ. ನಾಲ್ಕು ವೈರನ್ನೂ ಒಂದೊಂದಾಗಿ ಅರ್ಥ್ ಮಾಡಿದಾಗ ನಾಲ್ಕಕ್ಕೂ ಇಂಜಿನ್ ಒಂದೇ ಥರ ಕುಂಟಿತು. ಅಂದ್ರೆ ತೊಂದರೆ ಕಾಂಡದಲ್ಲಿ. ಬೋರಿಗೆ ಬಂದ ಇಂಜಿನ್ ಹೀಗೆ ಆಡಲ್ಲ. ಸವೆದ ರಿಂಗು ಬಿಸಿಗೆ ಕೆಟ್ಟು ಅರ್ಧ ಗಂಟೆಯಲ್ಲಿ ವಾಸಿಯಾಗಲ್ಲ.

ಪೆಟ್ರೋಲ್ ಕಡೆಯದ್ದೂ ಒಂದು ಸಲ ನೋಡಬೇಕು. ಕೆಮ್ಮುವಾಗ ಚೋಕ್ ಸ್ವಲ್ಪ ಎಳೆದು ನೋಡಿ. ಸರಿಹೋದ್ರೆ ಮಿಶ್ರಣದಲ್ಲಿ ಗಾಳಿ ಜಾಸ್ತಿ. ಈಗಿನ ಬಂಕ್ ಪೆಟ್ರೋಲಿನಲ್ಲಿ 20 ಪರ್ಸೆಂಟ್ ಎಥನಾಲ್ ಇರೋದ್ರಿಂದ ಶುದ್ಧ ಪೆಟ್ರೋಲಿಗೆ ಅಂತ ಕೊರೆದ ಹಳೇ ಜೆಟ್ಟಿನಲ್ಲಿ ಮಿಶ್ರಣ ಏಳೆಂಟು ಪರ್ಸೆಂಟ್ ತೆಳುವಾಗುತ್ತೆ. ಮಂಡ್ಯದ ಕಡೆಯವರು ಇದಕ್ಕೆ ಬೈಯೋ ಹಾಗೂ ಇಲ್ಲ, ಆ ಎಥನಾಲು ಬರೋದು ಕಬ್ಬಿನಿಂದ್ಲೂ ತಾನೇ. ನಮ್ಮ ಗಾಡಿಗೆ ಚೋಕ್ ಎಳೆದ್ರೂ ಏನೂ ಆಗಲಿಲ್ಲ. ಕೆಮ್ಮುವಾಗ ಕಾಯಿಲ್ ಪ್ಲಸ್‌ಗೆ ಮೀಟರ್ ಇಟ್ರೆ ವೋಲ್ಟೇಜ್ ಅಲುಗಾಡಲಿಲ್ಲ, ಹಾಗಾಗಿ ಬ್ಯಾಟರಿ, ಕೀ ಎರಡೂ ನಿರ್ದೋಷಿ. ಪಾಯಿಂಟ್ ಗ್ಯಾಪ್ ಸರಿ ಇತ್ತು. ಆದರೆ ಅದರ ಮುಖ ನೀಲಿಗಟ್ಟಿ, ಒಂದು ಕಡೆ ಗುಳಿ, ಇನ್ನೊಂದು ಕಡೆ ಗುಡ್ಡ ಎದ್ದಿತ್ತು. ಲೋಹ ಒಂದರಿಂದ ಕಿತ್ತು ಇನ್ನೊಂದಕ್ಕೆ ಹತ್ತಿದೆ, ಅಂದ್ರೆ ಅಲ್ಲಿ ಕಿಡಿ ಹಾರುತ್ತಿದೆ.

'ಬಿಸಿಗೆ ಸಾಯ್ತದೆ ಅಂದ್ರೆ ಇಬ್ರೇ ಕಣಪ್ಪ ಕಳ್ರು. ಒಂದು ಕಾಯಿಲ್ಲು, ಇನ್ನೊಂದು ಕಂಡೆನ್ಸರು' ಅಂದ್ರು ಅವರು. ಕೆಮ್ಮು ಶುರುವಾದ ಮೇಲೆ ಕಾಯಿಲ್ ಮೈಗೆ ತಣ್ಣೀರಿನ ಬಟ್ಟೆ ಸುತ್ತಿದ್ರು. ಐದು ನಿಮಿಷ ಆದ್ರೂ ಕೆಮ್ಮು ನಿಲ್ಲಲಿಲ್ಲ. ಆಮೇಲೆ ಡಿಸ್ಟ್ರಿಬ್ಯೂಟರ್ ಒಳಗಿನ ಕಂಡೆನ್ಸರ್ ವೈರ್ ಬಿಚ್ಚಿ, ಜೇಬಿನಿಂದ ಯಾವುದೋ ಹಳೇ ಪದ್ಮಿನಿಯದ್ದು ತೆಗೆದು ಕಾಯಿಲ್ ಮೈನಸ್‌ಗೂ ಬಾಡಿಗೂ ನಡುವೆ ಕಟ್ಟಿದ್ರು. ಹಳೇದನ್ನ ಬಿಚ್ಚೋದು ಇಲ್ಲಿ ಮುಖ್ಯ. ಕಂಡೆನ್ಸರ್ ಒಳಗೆ ಕನೆಕ್ಷನ್ ಕಿತ್ತಿದ್ರೆ ಪಕ್ಕದಲ್ಲಿ ಇನ್ನೊಂದು ಕಟ್ಟಿದ್ರೂ ಸಾಕು. ಆದರೆ ಅದು ಲೀಕ್ ಆಗ್ತಿದ್ರೆ ಪಕ್ಕದಲ್ಲಿ ಎಷ್ಟು ಕಟ್ಟಿದ್ರೂ ಲೀಕ್ ಹಾಗೇ ಇರುತ್ತೆ, 'ಕಂಡೆನ್ಸರ್ ಅಲ್ಲ ಬಿಡು' ಅಂತ ಮುಂದಕ್ಕೆ ಹೋಗ್ಬಿಡ್ತೀವಿ. ಗಾಡಿ ಮತ್ತೆ ಕೆಮ್ಮಲಿಲ್ಲ. ಕೆ.ಎಂ. ದೊಡ್ಡಿಗೆ ಹೋಗಿ ಬಂದ್ರೂ ಕೆಮ್ಮಲಿಲ್ಲ.

ಕೆಟ್ಟಿದ್ದನ್ನ ನಾನು ಕಾಲೇಜಿಗೆ ತಂದೆ. ಲ್ಯಾಬಿನ ಎಲ್‌ಸಿಆರ್ ಮೀಟರ್ ನೋಡಿದ್ರೆ ಕೆಪಾಸಿಟೆನ್ಸ್ ಸರಿಯಾಗೇ ತೋರಿಸ್ತು. ಮೀಟರ್ ನೋಡಿ ನಂಬೋರಾಗಿದ್ರೆ ಅಲ್ಲಿಗೆ ಕಥೆ ಮುಗೀತಿತ್ತು. ಆದರೆ ಆ ಮೀಟರ್ ಅಳೆಯೋದು 1 ವೋಲ್ಟಿನ ಆಸುಪಾಸಿನಲ್ಲಿ, ತಣ್ಣಗಿರುವಾಗ. ಗಾಡಿಯಲ್ಲಿ ಅದು ಅನುಭವಿಸೋದು 250-300 ವೋಲ್ಟ್, ಇಂಜಿನ್ ಬಿಸಿಯಲ್ಲಿ. ಹೇರ್ ಡ್ರೈಯರಿನಿಂದ ಬಿಸಿ ಮಾಡಿ ಇನ್ಸುಲೇಷನ್ ಟೆಸ್ಟರಿನಲ್ಲಿ 250 ವೋಲ್ಟ್ ಕೊಟ್ಟಾಗ ಮುಳ್ಳು ನೇರ ಕೆಳಕ್ಕೆ ಬಿತ್ತು. ಒಳಗಿನ ಇನ್ಸುಲೇಷನ್ ಬಿಸಿಗೆ ಸೋರುತ್ತಿತ್ತು.

ಇದೇ ಕಾರಣಕ್ಕೆ ಪ್ಲಗ್ಗನ್ನ ಹೊರಗೆ ತೆಗೆದು 'ಕಿಡಿ ಬರ್ತಾ ಇದೆ, ಇಗ್ನಿಷನ್ ಸರಿ ಇದೆ' ಅನ್ನೋ ಪರೀಕ್ಷೆಯನ್ನೂ ನಾನು ಅಷ್ಟಾಗಿ ನಂಬಲ್ಲ. ಗಾಳಿಯ ಒತ್ತಡ ಜಾಸ್ತಿ ಆದಷ್ಟೂ ಅದೇ ಸಂದಿ ದಾಟೋಕೆ ಜಾಸ್ತಿ ವೋಲ್ಟೇಜ್ ಬೇಕು, ಪಾಶೆನ್ ಅನ್ನೋರ ನಿಯಮ. ಹೊರಗೆ 0.6 ಮಿಲಿಮೀಟರ್ ಗ್ಯಾಪ್ ದಾಟೋ ಬಡಕಲು ಕಿಡಿ ಕಂಪ್ರೆಷನ್ ಒಳಗೆ ಸೋಲುತ್ತೆ. ಐದು ಜನ ಕೂತು ಟಾಪ್ ಗೇರಿನಲ್ಲಿ ಎಳೆಸಿದಾಗ ಮಾತ್ರ ಕೆಮ್ಮೋದು ಅದಕ್ಕೇ. ಹೊರಗೆ ಪರೀಕ್ಷೆ ಮಾಡೋದಾದ್ರೆ 6 ಮಿಲಿಮೀಟರ್ ಹಾರಿಸಿ ನೋಡಿ, ನೀಲಿಯಾಗಿ ಟಕ್ ಟಕ್ ಅಂತ ಸದ್ದು ಬರಬೇಕು.

ಹೊಗೆ ಟೆಸ್ಟಿನಲ್ಲಿ ಹೈಡ್ರೋಕಾರ್ಬನ್ ಮಿತಿಯ ಒಳಗೆ ಬಂತು, ಸರ್ಟಿಫಿಕೇಟ್ ಸಿಕ್ತು. ಆರ್‌ಸಿ ಫೈಲು ಮಂಡ್ಯ ಆರ್‌ಟಿಒಗೆ ಹೋಗಿದೆ.

ಇನ್ನು ಪಾಯಿಂಟೇ ಬೇಡ, ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿ ಅಂತ ನಮ್ಮ ಕ್ಲಾಸಿನವರೇ ಹೇಳ್ತಾರೆ. ಪಾಯಿಂಟ್ ಜಾಗಕ್ಕೆ ಹಾಲ್ ಸೆನ್ಸರ್ ಕೂತ್ರೆ ಸವೆಯೋದಿಲ್ಲ, ಡ್ವೆಲ್ ಬದಲಾಗಲ್ಲ, ಕಂಡೆನ್ಸರಿನ ಗೋಜೇ ಇಲ್ಲ. ತಾಂತ್ರಿಕವಾಗಿ ಅದೇ ಮೇಲು, ವಾದವೇ ಇಲ್ಲ. ಆದರೆ ಮಾಡ್ಯೂಲ್ ಕೆಟ್ರೆ ಅದು ಒಂದೇ ಸಲ ಕೆಡುತ್ತೆ, ರಾತ್ರಿ ಮಳವಳ್ಳಿ ರೋಡಿನಲ್ಲಿ ಅದನ್ನ ಯಾರೂ ರಿಪೇರಿ ಮಾಡೋಕಾಗಲ್ಲ. ಪಾಯಿಂಟ್ ಆದ್ರೆ ಕೆಡೋಕೆ ಮುಂಚೆ ಕೆಮ್ಮಿ ಹೇಳುತ್ತೆ, ಉಗುರು ಉಜ್ಜೋ ಅರದಿಂದ ಉಜ್ಜಿ ಮನೆ ಸೇರಬಹುದು. ದಿನಾ ಓಡಿಸೋ ಗಾಡಿ ಆದ್ರೆ ನಾನು ಎಲೆಕ್ಟ್ರಾನಿಕ್ ಅನ್ನೇ ಹಾಕಿಸ್ತಿದ್ದೆ. ವಾರಕ್ಕೊಂದು ಸಲ ಹೊರಡೋ ಗಾಡಿಗೆ ಈಗಿರೋದೇ ಇರಲಿ ಅಂತ ದೊಡ್ಡಪ್ಪನಿಗೆ ಹೇಳಿದೆ. ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಈಗ ಒಂದು ಪಾಯಿಂಟ್ ಸೆಟ್ಟು, ಒಂದು ರೋಟರ್, ಒಂದು ಫೀಲರ್ ಗೇಜು, ಬಿಸಿ ಮಾಡಿ 250 ವೋಲ್ಟಿನಲ್ಲಿ ಪರೀಕ್ಷಿಸಿ ಇಟ್ಟ ಎರಡು ಕಂಡೆನ್ಸರು ಇವೆ.